ಆರಾಮ ಎನ್ನುವವರ ನಾಡಿ

ಇವತ್ತು ಬೆಳಿಗ್ಗೆ ಅನ್ನದ ಪಾತ್ರೆ ಉಕ್ಕಿತು. ನಮ್ಮ ಮನೆಯಲ್ಲಿ ಈಗ ಕುಕ್ಕರಿನದೇ ರಾಜ್ಯ. ಅದರ ಸೀಟಿ ಕೆಟ್ಟಿದ್ದರಿಂದ ಹಳೆಯ ಹಿತ್ತಾಳೆಯ ಪಾತ್ರೆಯನ್ನು ಅಟ್ಟದಿಂದ ಇಳಿಸಿದ್ದೆ. ಪೇಪರು ಓದುತ್ತ ಅದನ್ನು ನಾನು ಮರೆತೆ, ಅದು ನನ್ನನ್ನು ಮರೆಯಲಿಲ್ಲ. ಗಂಜಿ ಒಲೆಯ ಮೇಲೆಲ್ಲ ಹರಿದು, ಬಿಸಿಗಂಜಿಯ ಆ ಮಂದವಾದ ವಾಸನೆ ಪಡಸಾಲೆಯ ತನಕ ಬಂತು. ಬೇರೆಯವರಿಗಾದರೆ ಅದು ಒಲೆ ಒರೆಸುವ ಕೆಲಸ, ಅಷ್ಟೇ. ನನಗೆ ಹಾಗಲ್ಲ. ಗಂಜಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಈ ವಯಸ್ಸಿನಲ್ಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಸೆರಗಿಗೆ ಪಿನ್ನು ಹಾಕಿದೆನೋ ಇಲ್ಲವೋ ಎಂದು ಕೈ ಹೆಗಲಿಗೆ ಹೋಗುತ್ತದೆ. ನರ್ಸಿಂಗ್ ಕಲಿಯಲು ಹೋದಾಗ ನಮ್ಮ ಬಿಳಿ ಸೀರೆಗಳಿಗೆ ನಾವೇ ಗಂಜಿ ಹಾಕಿಕೊಳ್ಳಬೇಕಿತ್ತು. ನಾನು ಹುಮ್ಮಸ್ಸಿನಲ್ಲಿ ಎಷ್ಟು ಹಾಕಿದ್ದೆನೆಂದರೆ, ಮೊದಲ ದಿನ ಪಾಠಕ್ಕೆ ನಾನು ಕೂತೆ, ಸೀರೆ ಮಾತ್ರ ನಿಂತೇ ಇತ್ತು.

ಇದು ಐವತ್ತರ ದಶಕದ ಮಾತು. ಆಗ ನಾವಿನ್ನೂ ಮುಂಬಯಿ ರಾಜ್ಯದವರು. ನಮ್ಮ ಊರು ಹೂಲಿ. ಪೂಜೆ, ಪಂಚಾಂಗ, ಪುರಾಣ ಇವುಗಳಲ್ಲೇ ಬೆಳಗಾಗಿ ಸಂಜೆಯಾಗುವ ಮನೆ. ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ನಾನು. ಸವದತ್ತಿಯಲ್ಲಿ ಮುಲ್ಕಿ ಪರೀಕ್ಷೆ, ಎಂದರೆ ಕನ್ನಡ ಏಳನೆಯ ತರಗತಿ, ಪಾಸು ಮಾಡಿ, ಮುಂದೇನು ಎಂದು ತಿಳಿಯದೆ ಹೂಬತ್ತಿ ಹೊಸೆಯುತ್ತ ಕೂತಿದ್ದ ಕಾಲ ಅದು.

ನರ್ಸ್ ಆಗಬೇಕೆಂಬ ಆಸೆ ನನಗೆ ಹುಟ್ಟಿದ್ದು ಸೇವೆಯ ಭಾವನೆಯಿಂದ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅದು ಹುಟ್ಟಿದ್ದು ಬಸ್ಸಿನಲ್ಲಿ. ಒಮ್ಮೆ ಬೈಲಹೊಂಗಲದ ನೆಂಟರ ಮನೆಗೆ ಹೋಗುವಾಗ ನನ್ನ ಎದುರು ಬಿಳಿ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಎದೆಯ ಮೇಲೆ ಪಿನ್ನಿನಿಂದ ಒಂದು ಗಡಿಯಾರ ತೂಗುತ್ತಿತ್ತು, ಅದೂ ತಲೆಕೆಳಗಾಗಿ. ಪಾಪ, ತಿಳಿಯದೆ ಉಲ್ಟಾ ಹಾಕಿಕೊಂಡಿದ್ದಾಳೆ ಎಂದುಕೊಂಡೆ. ಆಮೇಲೆ ಪಕ್ಕದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಮುದುಕಿಯ ಕೈ ಹಿಡಿದು ಅವಳು ಆ ಗಡಿಯಾರದ ಕಡೆ ಕಣ್ಣು ಇಳಿಸಿದಳು ನೋಡಿ, ಆಗ ಹೊಳೆಯಿತು: ಅದು ನೋಡುವವರಿಗಾಗಿ ಅಲ್ಲ, ಅವಳಿಗಾಗಿ ಇದ್ದದ್ದು. ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಅತ್ತ ತಿರುಗಿದ್ದರೆ, ಅವಳೊಬ್ಬಳು ಇತ್ತ ತಿರುಗಿದ್ದಳು. ನಾನು ಹೂಲಿಗೆ ಮರಳಿದವಳೇ ಅಪ್ಪನ ಮುಂದೆ ನಿಂತು, ಬೈಲಹೊಂಗಲದ ದವಾಖಾನೆಯಲ್ಲಿ ಹುಡುಗಿಯರಿಗೆ ನರ್ಸಿನ ಕೆಲಸ ಕಲಿಸುತ್ತಾರಂತೆ ಎಂದೆ.

ಅಪ್ಪ ಒಪ್ಪಿದರು. ಕೇರಿ ಒಪ್ಪಲಿಲ್ಲ, ಅದರ ಮಾತು ಬಿಡಿ. ಅಜ್ಜಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತುಳಸಿಗೆ ನೀರು ಹಾಕುತ್ತ, ನನಗಲ್ಲ, ತುಳಸಿಗೇ ಹೇಳುವವಳಂತೆ ಹೇಳಿದಳು: "ಹೋಗಲಿ. ಆದ್ರ ಮನ್ಯಾಗ ಯಾರರೆ ಜಡ್ಡ ಬಿದ್ರ, ಅವತ್ತ ಆಕಿ ಗಂಟು ಕಟ್ಟಿಕೊಂಡು ತಿರುಗಿ ಬರಬೇಕು. ಆಮ್ಯಾಲೆ ಆ ದವಾಖಾನಿ ಹೆಸರ ತಗೀಬಾರದು."

"ಹೂಂ ಅನ್ನು," ಎಂದರು ಅಪ್ಪ ಮೆಲ್ಲಗೆ. ನಾನು ಹೂಂ ಎಂದೆ. ಹದಿನೆಂಟರ ಹುಡುಗಿಗೆ ಮನೆಯವರೆಲ್ಲ ಕಲ್ಲಿನಲ್ಲಿ ಕಡೆದಷ್ಟು ಗಟ್ಟಿಯಾಗಿ ಕಾಣುತ್ತಾರೆ.

ದವಾಖಾನೆ ಊರ ಅಂಚಿನಲ್ಲಿತ್ತು. ಹೆಂಗಸರಿಗೆ ಒಂದು ವಾರ್ಡು, ಗಂಡಸರಿಗೆ ಒಂದು, ನಡುವೆ ಉದ್ದದ ಪಡಸಾಲೆ, ಹೊರಗೆ ಬೇವಿನ ಮರದ ಕೆಳಗೆ ಚಕ್ಕಡಿಗಳು. ರೋಗಿ ಒಬ್ಬರು ಒಳಗಿದ್ದರೆ ಅವರ ಅರ್ಧ ಮನೆ ಆ ಮರದ ಕೆಳಗೆ ಒಲೆ ಹೂಡಿರುತ್ತಿತ್ತು. ಇದೆಲ್ಲದರ ಒಡತಿ ಸಿಸ್ಟರಬಾಯಿ. ಅವರ ಹೆಸರು ಬೇರೆ ಇತ್ತು, ಯಾರೂ ಕರೆದದ್ದು ಕೇಳಿಲ್ಲ. ಮರಾಠಿ ಮನೆಮಾತಿನ ಗಿಡ್ಡ, ದುಂಡು ಹೆಂಗಸು. ನಡೆದರೆ ಸಪ್ಪಳವಿಲ್ಲ, ಮಾತಾಡಿದರೆ ಎರಡೂ ವಾರ್ಡಿಗೆ ಕೇಳಬೇಕು. ಮೊದಲ ಮೂರು ತಿಂಗಳು ನಮ್ಮ ಪರೀಕ್ಷೆಯ ಕಾಲ. ಅದರ ಕೊನೆಗೆ ಯಾರು ಯೋಗ್ಯರೆಂದು ಸಿಸ್ಟರಬಾಯಿಗೆ ಅನಿಸುತ್ತದೋ ಅವರ ತಲೆಗೆ ಬಿಳಿ ಟೊಪ್ಪಿಗೆ. ಉಳಿದವರು ಹಾಸಿಗೆ ಸುತ್ತಿಕೊಂಡು ಊರಿಗೆ. ಆ ಟೊಪ್ಪಿಗೆಯೋ, ಅಂಗೈ ಅಗಲದ ಬಟ್ಟೆ. ಅದಕ್ಕಾಗಿ ನಾನು ನಿದ್ದೆಯಲ್ಲೂ ತಲೆ ನೆಟ್ಟಗಿಟ್ಟುಕೊಂಡು ಮಲಗುತ್ತಿದ್ದೆ.

ಮೊದಲು ಕಲಿಸಿದ್ದು ಹಾಸಿಗೆ ಹಾಸುವುದನ್ನು. ಇದನ್ನೇನು ಕಲಿಯುವುದು ಎಂದು ನಗುತ್ತ ಹೋದವಳು ಇಡೀ ಒಂದು ದಿನ ಚಾದರದ ಮೂಲೆ ಮಡಿಸುತ್ತ ಕಳೆದೆ. ಒಂದು ಸುಕ್ಕು ಕಂಡರೂ ಸಿಸ್ಟರಬಾಯಿ ಎಳೆದು ಬಿಚ್ಚಿ ಹಾಕುತ್ತಿದ್ದರು. "ಇದು ಸುಕ್ಕ ಅಲ್ಲ ಪೋರಿ, ನಾಳಿನ ಹುಣ್ಣ," ಎನ್ನುತ್ತಿದ್ದರು. ಆಮೇಲೆ ಬಂತು ನಾಡಿ. ಮೂರು ಬೆರಳು ಇಡಬೇಕು, ಹೆಬ್ಬೆರಳು ಇಡಬಾರದು. ಹೆಬ್ಬೆರಳಿಗೆ ತನ್ನದೇ ನಾಡಿ ಇರುವುದರಿಂದ ಅದು ರೋಗಿಯದನ್ನು ಬಿಟ್ಟು ತನ್ನದನ್ನೇ ಹೇಳಿಕೊಳ್ಳುತ್ತದೆ. ನಾನು ಸಿಸ್ಟರಬಾಯಿಯ ದಪ್ಪ ಕೈಯ ಮೇಲೆ ಬೆರಳಿಟ್ಟು ಹುಡುಕಿದೆ, ಹುಡುಕಿದೆ. ಏನೂ ಇಲ್ಲ. ಇವರಿಗೆ ನಾಡಿಯೇ ಇಲ್ಲವೇನೋ ಎಂಬ ಅನುಮಾನ ಬರುವಷ್ಟರಲ್ಲಿ, ಬೆರಳ ತುದಿಗೆ ಮೆತ್ತಗೆ ಯಾರೋ ಒಳಗಿನಿಂದ ಬಡಿದರು. ಮತ್ತೆ ಬಡಿದರು. "ಸಿಕ್ತು!" ಎಂದು ಕಿರುಚಿದೆ. ವಾರ್ಡಿನ ಮಂದಿಯೆಲ್ಲ ಏನು ಕಳೆದಿತ್ತು, ಏನು ಸಿಕ್ಕಿತು ಎಂದು ಎದ್ದು ಕೂತರು.

ನಗಬೇಡಿ. ಒಬ್ಬರ ಚರ್ಮದ ಕೆಳಗೆ ಒಂದು ಜೀವ ಹಗಲುರಾತ್ರಿ ಓಡುತ್ತಿದೆ, ಅದನ್ನು ನನ್ನ ಬೆರಳು ಕೇಳಬಲ್ಲದು ಎಂಬುದನ್ನು ನನಗೆ ಆ ಕ್ಷಣದ ತನಕ ಯಾರೂ ಹೇಳಿರಲಿಲ್ಲ. ನಮ್ಮದು ಮಡಿಯ ಮನೆ. ಸ್ನಾನವಾದ ಮೇಲೆ ಪೂಜೆಯ ತನಕ ಅಪ್ಪನನ್ನು ಮುಟ್ಟುವಂತಿಲ್ಲ, ಅಡಿಗೆಯ ತನಕ ಅಜ್ಜಿಯನ್ನು ಮುಟ್ಟುವಂತಿಲ್ಲ. ಲಂಗ ಬಿಟ್ಟು ಸೀರೆ ಉಟ್ಟ ಮೇಲೆ ನಾನು ಅಪ್ಪನನ್ನು ಮುಟ್ಟಿದ್ದೆಂದರೆ ಬಗ್ಗಿ ಕಾಲಿಗೆ ನಮಸ್ಕಾರ ಮಾಡುವಾಗ, ಅಷ್ಟೇ. ಅಂಥವಳಿಗೆ ಒಂದೇ ದಿನ ಒಂದು ವಾರ್ಡಿನ ಅಷ್ಟೂ ಕೈಗಳು ಸಿಕ್ಕವು. ಹಬ್ಬವೇ ಅಲ್ಲವೇ?

ಈ ಸಂಭ್ರಮದಲ್ಲೇ ನಾನು ಆ ತಪ್ಪು ಮಾಡಿದ್ದು. ಎರಡನೆಯ ವಾರವಿರಬೇಕು, ಸಿಸ್ಟರಬಾಯಿ, "ಹೋಗಿ ಎಲ್ಲಾರನೂ ನೋಡಿ ಬಾ, ಬಂದು ನನಗ ಹೇಳು," ಎಂದು ಹೆಂಗಸರ ವಾರ್ಡಿಗೆ ಕಳಿಸಿದರು. ನಾನು ಒಳ್ಳೆಯ ಮನೆಯ ಹುಡುಗಿ. ಒಂದೊಂದು ಮಂಚದ ಮುಂದೆ ನಿಂತು, ಕೈ ಮುಗಿದು, "ಆರಾಮ ಇದ್ದೀರೇನ್ರಿ?" ಎಂದು ಕೇಳಿದೆ. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಒಂದೇ ಎಂಬುದು ನಿಮಗೂ ಗೊತ್ತು. ಮನೆ ಬಿದ್ದಿರಲಿ, ಮೈ ಬಿದ್ದಿರಲಿ, ಕೇಳಿದವರಿಗೆ ಆರಾಮ ಎನ್ನಬೇಕು, ತಿರುಗಿ ಅವರನ್ನೂ ಕೇಳಬೇಕು. ಎಲ್ಲರೂ ಹಾಗೇ ಮಾಡಿದರು. ಕಾಲಿಗೆ ಮುಳ್ಳು ನಟ್ಟು ಕೀವಾಗಿ ಬಂದಿದ್ದ ನೇಸರಗಿಯ ಬಸವ್ವ, "ಆರಾಮ ಅದೇನಿ ನೋಡ ತಂಗೀ. ನೀ ಆರಾಮ ಅದೀ? ಯಾವೂರವ್ವಾ ನಿಂದು? ಅವ್ವ ಅಪ್ಪ ಆರಾಮ ಅದಾರ?" ಎಂದು ನನ್ನದೇ ತಪಾಸಣೆ ಮಾಡಿ, ನಮ್ಮ ಹೊಲ ಎಷ್ಟು, ಎಮ್ಮೆ ಹಾಲು ಕೊಡುತ್ತದೆಯೋ ಇಲ್ಲವೋ ಎನ್ನುವ ತನಕ ತಿಳಿದುಕೊಂಡಳು.

ಬಂದು ಹೇಳಿದೆ: "ಎಲ್ಲಾರೂ ಆರಾಮ ಇದ್ದಾರ್ರಿ ಬಾಯಿ."

"ಹೌದಾ? ಅರೇ ವಾ!" ಎಂದರು ಸಿಸ್ಟರಬಾಯಿ. "ಎಲ್ಲಾರೂ ಆರಾಮ ಇದ್ದಾರಂದ್ರ ದವಾಖಾನಿ ಯಾಕ ಬೇಕು? ಕೀಲಿ ಹಾಕಿ ನಾವೂ ಮನಿಗೆ ಹೋಗೂಣು ನಡಿ."

ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಬಸವ್ವನ ಹಣೆಯ ಮೇಲೆ ಇಟ್ಟರು. ಕಾದ ಹಂಚು ಮುಟ್ಟಿದ ಹಾಗೆ ಸುಟ್ಟಿತು. ತುಟಿ ಒಣಗಿತ್ತು, ಕಣ್ಣು ಕೆಂಪಗಿದ್ದವು, ಬಾವು ಬೆಳಿಗ್ಗೆ ಪಾದದಲ್ಲಿದ್ದದ್ದು ಮೀನಗಂಡದ ತನಕ ಏರಿತ್ತು. ಇದೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಕೈ ಮುಗಿಯುವುದರಲ್ಲಿದ್ದೆ.

"ಬಸವ್ವಾ, ಈ ಪೋರಿಗೆ ಆರಾಮ ಅಂತ ಯಾಕ ಹೇಳಿದಿ?"

"ಮತ್ತೇನ ಹೇಳ್ಲಿರಿ ಬಾಯಾರ? ಪಾಪ, ಕೂಸು ಹಂಗ ಕೈ ಮುಗದು ಕೇಳತೈತಿ. ಮೈ ಸುಡಾಕ ಹತ್ತೈತಿ ಅಂತ ಹೆಂಗ ಅನ್ನೂದು? ಅದಕ್ಕ ಕೆಟ್ಟ ಅನಸೂದಿಲ್ಲೇನ್ರಿ?"

ಸಿಸ್ಟರಬಾಯಿಗೂ ನಗು ತಡೆಯಲಾಗಲಿಲ್ಲ. ಡಾಕ್ಟರನ್ನು ಕರೆಸಿ ಬಾವು ಕೊಯ್ಯಿಸಿದರು, ಇಂಜೆಕ್ಷನ್ ಕೊಡಿಸಿದರು. ಬಸವ್ವ ಉಳಿದಳು, ಕಾಲೂ ಉಳಿಯಿತು. ಆದರೆ ಸಂಜೆ ನನ್ನನ್ನು ಕರೆದು ಒಂದು ಕಟ್ಟಪ್ಪಣೆ ಮಾಡಿದರು: "ಇನ್ನ ಮ್ಯಾಲೆ ಈ ದವಾಖಾನ್ಯಾಗ ಆ ಶಬ್ದ ನಿನ್ನ ಬಾಯಾಗ ಬರಬಾರದು. ಅವರಿಗೆ ಕೇಳಲೂ ಬಾರದು, ಬಂದು ನನಗ ಹೇಳಲೂ ಬಾರದು. ಕಣ್ಣ ಅದಾವ, ಮೂಗ ಅದ, ಕೈ ಅದಾವ. ಅವಕ್ಕ ಕೆಲಸ ಕೊಡು. ಇಲ್ಲಾಂದ್ರ ಟೊಪ್ಪಿಗಿ ಮರತು ಬಿಡು."

ಉತ್ತರ ಕರ್ನಾಟಕದ ಮನುಷ್ಯರಿಂದ ಆರಾಮ ಎಂಬ ಮಾತು ಕಿತ್ತುಕೊಂಡರೆ ಮಾತಿಗೆ ಬಾಗಿಲೇ ಇಲ್ಲದಂತಾಗುತ್ತದೆ. ಮೊದಲ ಕೆಲವು ದಿನ ಮಂಚದ ಮುಂದೆ ನಿಂತು ಬಾಯಿ ತೆರೆದು ಮುಚ್ಚಿ ಮಾಡಿದೆ. ಆಮೇಲೆ, ಏನೆಂದು ಹೇಳಲಿ, ಕಣ್ಣಿಗೆ ಒಂದೊಂದೇ ಕಾಣಲು ಶುರುವಾಯಿತು. ಹೊಟ್ಟೆ ನೋಯುವವರು ಮೊಣಕಾಲು ಮಡಿಸಿಕೊಂಡು ಮಲಗುತ್ತಾರೆ. ಉಂಡೆ ಎನ್ನುವವಳ ರೊಟ್ಟಿ ದಿಂಬಿನ ಕೆಳಗೆ ಇರುತ್ತದೆ. ನಾಲಿಗೆಯ ಬಣ್ಣ ಸುಳ್ಳು ಹೇಳುವುದಿಲ್ಲ. ಕಣ್ಣ ರೆಪ್ಪೆ ಎಳೆದು ನೋಡಿದರೆ ಮೈಯಲ್ಲಿ ರಕ್ತ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ಮಂದಿ ಉಸಿರು ಬಿಗಿಹಿಡಿದುಬಿಡುತ್ತಾರೆ. ಅದಕ್ಕೆ ನಾಡಿ ಎಣಿಸಿಯಾದ ಮೇಲೂ ಕೈ ಬಿಡದೆ, ನಾಡಿಯನ್ನೇ ನೋಡುತ್ತಿರುವಂತೆ ನಟಿಸುತ್ತ ಕದ್ದು ಉಸಿರು ಎಣಿಸಬೇಕು. ಈ ಕಳ್ಳತನ ನನಗೆ ಬಹಳ ಹಿಡಿಸಿತು.

ಪ್ರಶ್ನೆ ಕೇಳಬಾರದು ಎಂದಲ್ಲ. ಮರ್ಯಾದೆಯ ಉತ್ತರ ಸಿದ್ಧವಿಲ್ಲದ ಪ್ರಶ್ನೆ ಕೇಳಬೇಕು. "ರಾತ್ರಿ ಯಾವ ಮಗ್ಗಲಿಗೆ ಮಲಗಿದ್ರಿ?" ಎಂದರೆ ಯಾರಿಗೂ ಸಂಕೋಚವಿಲ್ಲ. "ಎಡ ಮಗ್ಗಲಿಗೆ ಹೊಳ್ಳಾಕ ಬರಂಗಿಲ್ಲ ತಂಗಿ, ಇಲ್ಲೆ ಚಳಕ ಹೊಡಿತೈತಿ," ಎಂದು ತಾವಾಗಿಯೇ ಜಾಗ ತೋರಿಸುತ್ತಾರೆ. ಅರೇ, ಬೀಗದ ಕೈ ಸಿಕ್ಕಿಬಿಟ್ಟಿತು! ನಾನು ಎಂಥ ಖುಷಿಯಲ್ಲಿದ್ದೆನೆಂದರೆ, ಪೇಟೆಗೆ ಹೋದರೆ ಅಂಗಡಿಯವನ ಉಗುರು ನೋಡುತ್ತಿದ್ದೆ, ಕಾಯಿಪಲ್ಯದವಳ ಕಣ್ಣು ನೋಡುತ್ತಿದ್ದೆ. ಕಿತ್ತೂರಿನಿಂದ ಬಂದ ಬಸ್ಸಿನಿಂದ ಇಳಿದ ಒಬ್ಬ ಯಜಮಾನರ ನಡಿಗೆಯನ್ನು ಹಿಂದಿನಿಂದ ಬಗ್ಗಿ ಬಗ್ಗಿ ನೋಡುತ್ತ ಹೋಗಿ, "ಏನ ಕಳದಾದವಾ?" ಎಂದು ಕೇಳಿಸಿಕೊಂಡೆ.

ರಜೆಗೆ ಹೂಲಿಗೆ ಹೋದಾಗ ಕೇರಿಯ ಮಕ್ಕಳೆಲ್ಲ ಸಾಲಾಗಿ ನಿಂತು ನಾಲಿಗೆ ಚಾಚಿದರು. ಅಜ್ಜಿ, "ಮುಟ್ಟಬ್ಯಾಡ, ಮಡೀಲೆ ಇದ್ದೇನಿ," ಎಂದು ಒಲೆಯ ಆಚೆ ಸರಿದಳು. ನಾನು ಈಚೆಯಿಂದಲೇ ಅವಳ ಉಸಿರು ಎಣಿಸಿ ಚೆನ್ನಾಗಿದೆ ಎಂದು ತೀರ್ಪು ಕೊಟ್ಟೆ. ಅಪ್ಪ ಜಪಕ್ಕೆ ಕೂತಿದ್ದರು. ಅವರ ಉಸಿರು ಸೊಗಸಾಗಿ, ನಿಧಾನವಾಗಿ ಹೋಗಿಬರುತ್ತಿತ್ತು. ಎಣಿಸುತ್ತ ನಿಂತಾಗ ಒಂದು ಕಣ್ಣು ತೆರೆದರು.

"ಏನ ಎಣಸಲಿಕ್ಕೆ ಹತ್ತೀ?"

"ನಿಮ್ಮ ಉಸಿರು."

"ಎಣಸು, ಎಣಸು. ಆದ್ರ ನನ್ನ ಎಣಿಕಿ ತಪ್ಪಸಬ್ಯಾಡ," ಎಂದು ಮತ್ತೆ ಕಣ್ಣು ಮುಚ್ಚಿದರು. ಮುಖದಲ್ಲಿ ನಗು ಇತ್ತು. ಮಗಳು ಏನೋ ಕಲಿಯುತ್ತಿದ್ದಾಳೆ ಎಂಬ ಹೆಮ್ಮೆಯನ್ನು ಅವರು ಹೀಗೆ ಕಣ್ಣು ಮುಚ್ಚಿಕೊಂಡೇ ತೋರಿಸುತ್ತಿದ್ದರು.

ಟೊಪ್ಪಿಗೆಯ ದಿನಕ್ಕೆ ಇನ್ನೊಂದು ವಾರವಿರುವಾಗ ಅಪ್ಪ ಬೈಲಹೊಂಗಲಕ್ಕೆ ಬಂದರು. ಯಾರದೋ ಮನೆಯ ಪೂಜೆಗೆಂದು ಬಂದವರು ಮಧ್ಯಾಹ್ನ ದವಾಖಾನೆಗೂ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಅಜ್ಜಿ ಕೊಟ್ಟ ಅಂಟಿನುಂಡೆಯ ಡಬ್ಬಿ. ನಾನು ಓಡಿ ಹೋಗಿ, ರೂಢಿಯಂತೆ ಬಗ್ಗಿ, ಎರಡೂ ಪಾದದ ಮೇಲೆ ಕೈ ಊರಿ, ಹಣೆ ಹಚ್ಚಿದೆ. ಮಗಳ ನಮಸ್ಕಾರಕ್ಕೆ ಅಪ್ಪ ಯಾವಾಗಲೂ ಒಂದು ಉದ್ದದ ಆಶೀರ್ವಾದ ಹೇಳುತ್ತಿದ್ದರು. ಅದು ಮುಗಿಯುವ ತನಕ ಏಳುವಂತಿಲ್ಲ. ಅವತ್ತು ಅದು ಎರಡು ಕಡೆ ನಿಂತು ನಿಂತು ಮುಗಿಯಿತು. ಕೈ ತೆಗೆದೆ. ಪಾದದ ಮೇಲೆ ನನ್ನ ಹೆಬ್ಬೆರಳು ಇದ್ದ ಕಡೆ ಗುಳಿ ಬಿದ್ದಿತ್ತು. ಎರಡು ಪಾದಕ್ಕೆ ಎರಡು ಗುಳಿ. ನೋಡುತ್ತ ಕೂತೆ. ಅವು ತುಂಬಿಕೊಳ್ಳಲೇ ಇಲ್ಲ.

ಏಳುವಾಗ ಮುಖ ನೋಡಿದೆ. ತುಟಿಯ ಬಣ್ಣ ಸರಿಯಿಲ್ಲ. ಉಗುರು ನೀಲಿ. ಕೂತ ಭಂಗಿಯೇ ಬೇರೆ: ಎರಡೂ ಕೈ ಬೆಂಚಿಗೆ ಊರಿ ಮುಂದಕ್ಕೆ ಬಾಗಿದ್ದರು. ಹೇಗಿದ್ದೀರಿ ಎಂದು ಕೇಳಿದರೆ ಏನು ಹೇಳುತ್ತಾರೆಂದು ಗೊತ್ತಿತ್ತು. ಕೇಳಲಿಲ್ಲ.

"ಅಪ್ಪಾ, ರಾತ್ರಿ ಯಾವ ಮಗ್ಗಲಿಗೆ ಮಲಗತೀರಿ?"

ಪಾಪ, ಅಪ್ಪನಿಗೆ ಈ ಪ್ರಶ್ನೆಯ ಕಸುಬು ಗೊತ್ತಿರಲಿಲ್ಲ. "ಮಲಗೂದೆಲ್ಲಿ ಬಂತು," ಎಂದುಬಿಟ್ಟರು. "ಮಲಗಿದ್ರ ಎದಿ ಮ್ಯಾಲೆ ಯಾರೋ ಕೂತಂಗ ಆಗತದ. ಕಂಬಕ್ಕ ಆತು ಕೂತ ಬೆಳಗ ಮಾಡತೇನಿ." ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೆ ತಿಳಿಯಿತು. ನನ್ನ ಮುಖ ನೋಡಿದರು.

"ಅಜ್ಜಿಗೆ ಗೊತ್ತದ ಏನು?"

"ಇಲ್ಲ. ಗೊತ್ತಾದ್ರ ನಾಳಿನ ಬಸ್ಸಿಗೇ ನಿನ್ನ ಕರಸ್ತಾಳ. ಮಾತ ಕೊಟ್ಟೀ ಅಲ್ಲ, ನೀ. ನಾನೇ ಹೂಂ ಅನಿಸೇನಿ." ಉಸಿರು ತೆಗೆದುಕೊಂಡರು. "ಟೊಪ್ಪಿಗಿ ಹಾಕ್ಕೊಳ್ಳೂ ತನಕ ಸುಮ್ಮನಿರು. ಒಂದ ವಾರದಾಗ ನನಗೇನ ಆಗತದ?"

ನಾನು ಅವರ ಪಕ್ಕದಲ್ಲಿ ಕೂತೆ. ಇಲ್ಲಿಂದ ಎದ್ದು ಒಳಗೆ ಹೋಗಿ ಹೇಳಿದರೆ ಟೊಪ್ಪಿಗೆ ಹೋಯಿತು, ಹೂಲಿಯ ಒಲೆ ಬಂತು. ಹೇಳದಿದ್ದರೆ ಆ ಒಂದು ವಾರ. ಅಷ್ಟು ಹೊತ್ತಿಗೆ ನನ್ನ ಬೆರಳುಗಳು ನನ್ನನ್ನು ಕೇಳದೆ ಅಪ್ಪನ ಮುಂಗೈಗೆ ಹೋಗಿದ್ದವು. ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನಾಡಿ ಓಡುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಕ್ಕು ಓಡುತ್ತಿತ್ತು. ನಾಡಿ ಎಣಿಸಿ, ಕೈ ಬಿಡದೆ ಕದ್ದು ಉಸಿರೂ ಎಣಿಸಿದೆ. ಎಣಿಸಿಯಾದ ಮೇಲೆ ಇನ್ನು ಯೋಚಿಸುವುದೇನೂ ಉಳಿದಿರಲಿಲ್ಲ.

ಸಿಸ್ಟರಬಾಯಿ ಬ್ಯಾಂಡೇಜು ಸುತ್ತುತ್ತ ಕೂತಿದ್ದರು. ಎದುರು ನಿಂತು ಅವರು ಕಲಿಸಿದ ಹಾಗೆಯೇ ಹೇಳಿದೆ: "ಹೊರಗ ಒಬ್ಬರು ಬಂದಾರ್ರಿ ಬಾಯಿ, ಗಂಡಸರು. ಎರಡೂ ಪಾದ ಬಾತಾವ, ಒತ್ತಿದ್ರ ಗುಳಿ ಬೀಳತದ, ತುಂಬೂದಿಲ್ಲ. ಉಗರ, ತುಟಿ ನೀಲಿ ಆಗ್ಯಾವ. ಮಲಗಿದ್ರ ಉಸಿರ ಹಿಡೀತದ, ಕೂತ ರಾತ್ರಿ ಕಳೀತಾರ. ಒಂದ ಮಾತಿಗೆ ಎರಡ ಸಲ ಉಸಿರ ತಗೋತಾರ. ನಾಡಿ ಓಡತದ, ನಡನಡಕ ತಪ್ಪತದ."

ಸಿಸ್ಟರಬಾಯಿ ಆಗಲೇ ಎದ್ದಿದ್ದರು. "ಶಾಣೀ ಆದಿ ಪೋರಿ. ಯಾರವರು?"

"ನಮ್ಮ ಅಪ್ಪ," ಎಂದೆ.

ಡಾಕ್ಟರು ಬಂದರು. ಹೃದಯದ ಬಲ ಕುಂದಿದೆ, ನೀರು ತುಂಬುತ್ತಿದೆ, ಮಂಚ ಬಿಟ್ಟು ಇಳಿಯಬಾರದು, ಉಪ್ಪು ಮುಟ್ಟಬಾರದು ಎಂದರು. ಇನ್ನೆರಡು ದಿನ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಹೇಳಿದರು. "ಮನಿಗೆ ಹೋಗಿ ಸಂಧ್ಯಾವಂದನಿ ಮುಗಿಸಿ ನಾಳೆ ಬರತೇನ್ರಿ," ಎಂದ ಅಪ್ಪನನ್ನು ಸಿಸ್ಟರಬಾಯಿ ಒಂದೇ ಮಾತಿಗೆ ಮಲಗಿಸಿದರು: "ಆಚಾರ್ರ, ದೇವರು ಇಲ್ಲೂ ಇದ್ದಾನ. ಬೆನ್ನಿಗೆ ಮೂರ ದಿಂಬ ಕೊಡತೇನಿ, ಆತು ಕೂತ ಮಾತಾಡಸ್ರಿ ಅವನನ್ನ."

ಹೂಲಿಗೆ ಸುದ್ದಿ ಹೋಗಿ, ಮರುದಿನದ ಬಸ್ಸಿಗೆ ಅಜ್ಜಿ ಬಂದಳು. ನಾನು ಅಪ್ಪನ ಹಾಸಿಗೆ ಬದಲಿಸುತ್ತಿದ್ದೆ. ತಲೆ ಎತ್ತಿದರೆ ವಾರ್ಡಿನ ಹೊಸ್ತಿಲಲ್ಲಿ ಅವಳು, ಯಾವುದೂ ಸೋಕದ ಹಾಗೆ ಸೆರಗನ್ನು ಮೈಗೆ ಬಿಗಿದುಕೊಂಡು. ಒಳಗೆ ಕಾಲಿಡಲಿಲ್ಲ. ನನ್ನ ಗಂಟು ಕಟ್ಟಿಸಲು ಬಂದಿದ್ದಾಳೆಂದು ತಿಳಿಯಿತು. ಆದರೆ ಅರ್ಧ ಬದಲಿಸಿದ ಹಾಸಿಗೆಯನ್ನು ಬಿಟ್ಟು ಯಾವ ಅಜ್ಜಿಯ ಮುಂದೂ ಹೋಗುವಂತಿಲ್ಲ. ಅಪ್ಪನನ್ನು ಮೆಲ್ಲಗೆ ಒಂದು ಮಗ್ಗಲಿಗೆ ಹೊರಳಿಸಿ, ಹಳೆಯ ಚಾದರವನ್ನು ಅವರ ಬೆನ್ನ ತನಕ ಸುತ್ತಿ, ಹೊಸದನ್ನು ಅದರ ಹಿಂದೆಯೇ ಹಾಸಿದೆ. ಬಿಸಿನೀರಿನ ಬಟ್ಟೆಯಿಂದ ಬೆನ್ನು ಒರೆಸಿ, ಒಣಗಿಸಿ, ಸೊಂಟಕ್ಕೂ ಹಿಮ್ಮಡಿಗೂ ಸ್ಪಿರಿಟ್ ತಿಕ್ಕಿ ಪೌಡರು ಹಾಕಿದೆ. ಈಚೆ ಹೊರಳಿಸಿ ಹಳೆಯದನ್ನು ಎಳೆದೆ, ಹೊಸದನ್ನು ಬಿಗಿದೆ, ಮೂಲೆ ಮಡಿಸಿದೆ. ಒಂದು ಸುಕ್ಕಿಲ್ಲ. ಅಪ್ಪ ಮಂಚದಿಂದ ಎದ್ದೇ ಇರಲಿಲ್ಲ. ದಿಂಬಿಗೆ ಒರಗಿಸಿದ ಮೇಲೆ ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು.

ಅಜ್ಜಿ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ನಾನು ಹತ್ತಿರ ಹೋದೆ. "ನಿಮ್ಮ ಅಜ್ಜ ಹಾಸಿಗಿ ಹಿಡದಾಗ ಬೆನ್ನ ತುಂಬ ಹುಣ್ಣಾಗಿದ್ದುವು," ಎಂದಳು. "ಮುಟ್ಟಿದ್ರ ಒದರತಿದ್ರು. ಹೊಳ್ಳಿಸಬೇಕು, ಹಿಂಗ ಹೊಳ್ಳಿಸಬೇಕು ಅಂತ ನಮಗ ಯಾರೂ ಹೇಳಲಿಲ್ಲ."

ಅಜ್ಜಿ ಮೂಗು ಒರೆಸಿಕೊಂಡು ಎದ್ದಳು.

"ಗಂಟು ಕಟ್ಟಿಸಿಕೊಂಡು ಹೋಗಬೇಕಂತ ಬಂದಿದ್ದೆ. ಬ್ಯಾಡ. ಇಲ್ಲೇ ಇರು, ಪೂರ್ತಿ ಕಲಿ. ಅರ್ಧಕ್ಕ ಬಿಟ್ಟು ಬಂದ್ರ ಮನಿಯೊಳಗ ಕಾಲ ಇಡಗೊಡೂದಿಲ್ಲ."

ನನಗೆ ಅವಳನ್ನು ಅಪ್ಪಿಕೊಂಡು ಕುಣಿಯಬೇಕೆನಿಸಿತು. ಅವಳು ಆಗಲೇ ಎರಡು ಹೆಜ್ಜೆ ಹಿಂದೆ ಸರಿದು, "ದೂರ ದೂರ, ಆ ಸೀರಿಲೆ ಮುಟ್ಟಬ್ಯಾಡ," ಎಂದಳು. ಆಮೇಲೆ ಬೈಲಹೊಂಗಲದ ಪರಿಚಯದವರ ಮನೆಯಲ್ಲಿ ಒಲೆ ಹಚ್ಚಿ, ಉಪ್ಪಿಲ್ಲದ ಸಾರು ಮಾಡಿ ತರುವುದು ಅವಳ ಕೆಲಸ, ಅದನ್ನು ಬೈಯುತ್ತ ಉಣ್ಣುವುದು ಅಪ್ಪನ ಕೆಲಸ, ಕಾಲು ಒತ್ತಿ ಗುಳಿ ನೋಡುವುದು ನನ್ನ ಕೆಲಸ. ದಿನದಿನಕ್ಕೆ ಗುಳಿ ಸಣ್ಣದಾಯಿತು. ಒಂದು ಮುಂಜಾನೆ ಎಷ್ಟು ಒತ್ತಿದರೂ ಬೀಳಲೇ ಇಲ್ಲ. ಆ ಸುದ್ದಿ ಹೇಳಲು ನಾನು ಪಡಸಾಲೆಯಲ್ಲಿ ಓಡಿದೆ; ದವಾಖಾನೆಯಲ್ಲಿ ಓಡಬಾರದೆಂದು ಸಿಸ್ಟರಬಾಯಿಯಿಂದ ಬೈಸಿಕೊಂಡೆ, ಬೈಸಿಕೊಳ್ಳುತ್ತಲೇ ನಗುತ್ತಿದ್ದೆ.

ಟೊಪ್ಪಿಗೆಯ ದಿನ ಪಡಸಾಲೆಯಲ್ಲಿ ದೀಪ ಹಚ್ಚಿಟ್ಟಿದ್ದರು. ನಡೆಯಲು ಬಲ್ಲ ರೋಗಿಗಳೆಲ್ಲ ಗೋಡೆಗುಂಟ ಕೂತಿದ್ದರು. ಅಪ್ಪನನ್ನು ಕುರ್ಚಿಯಲ್ಲಿ ಕೂಡಿಸಿ ಹೊರಗೆ ತಂದಿದ್ದೆವು. ನನ್ನ ಸರದಿ ಬಂತು. ಮೊಣಕಾಲೂರಿದೆ. ಸಿಸ್ಟರಬಾಯಿ ಟೊಪ್ಪಿಗೆ ಇಟ್ಟು, ಪಿನ್ನು ಚುಚ್ಚಿ, ಕಿವಿಯಲ್ಲಿ, "ಪಿನ್ನ ತಲಿಗೆ ನಟ್ಟಿತೇನ?" ಎಂದು ಕೇಳಿದರು. ನಟ್ಟಿತ್ತು. "ಇಲ್ರೀ," ಎಂದೆ. ಮರ್ಯಾದೆ ಎಲ್ಲಿ ಹೋಗುತ್ತದೆ?

ಎದ್ದು ನೇರವಾಗಿ ಅಪ್ಪನ ಹತ್ತಿರ ಹೋದೆ. ನಮಸ್ಕಾರಕ್ಕೆಂದು ಬಗ್ಗುವಷ್ಟರಲ್ಲಿ ಅಪ್ಪ ತಮ್ಮ ಬಲಗೈಯನ್ನು ಮುಂದೆ ಚಾಚಿದರು, ಅಂಗೈ ಮೇಲೆ ಮಾಡಿ.

"ಮೊದಲ ಇದನ್ನ ನೋಡು. ಮುಂಜಾನಿಂದ ಓಡಲಿಕ್ಕೆ ಹತ್ತೇದ."

ನನ್ನ ಜೀವ ಬಾಯಿಗೆ ಬಂತು. ಅಷ್ಟೂ ಮಂದಿಯ ನಡುವೆ, ಹೊಸ ಟೊಪ್ಪಿಗೆಯಲ್ಲಿ, ಬೆರಳಿಟ್ಟೆ. ಹೌದು, ಓಡುತ್ತಿತ್ತು. ಆದರೆ ತಪ್ಪುತ್ತಿರಲಿಲ್ಲ. ಒಂದೇ ಸಮನೆ, ತುಂಬಿಕೊಂಡು, ಬೆರಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಉಗುರು ನೋಡಿದೆ, ಕೆಂಪಗಿತ್ತು. ಉಸಿರು ನೋಡಿದೆ, ಸರಿ ಇತ್ತು. ಏನೂ ತಿಳಿಯದೆ ಮುಖ ನೋಡಿದೆ. ಅಪ್ಪನ ಎರಡೂ ಕಣ್ಣು ತುಂಬಿದ್ದವು, ಈ ಸಲ ಅವರು ಅವನ್ನು ಮುಚ್ಚಿರಲಿಲ್ಲ.

"ಇದಕ್ಕ ಔಷಧ ಬ್ಯಾಡ ಬಿಡು," ಎಂದರು. "ಸಿಸ್ಟರಬಾಯಿಗೂ ಹೇಳಬ್ಯಾಡ."

ನಾನು ಕೈ ಬಿಡಲಿಲ್ಲ. ಎಣಿಸಲೂ ಇಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದೆ, ಮುಂದಿನ ಹುಡುಗಿಯ ಸರದಿ ಬಂದು ಸಿಸ್ಟರಬಾಯಿ ಕೆಮ್ಮುವ ತನಕ.

ಅಪ್ಪ ಆಮೇಲೆ ಎಷ್ಟೋ ವರ್ಷ ಬದುಕಿದರು. ನಾನು ರಾಮದುರ್ಗ, ಸವದತ್ತಿ ಎಂದು ಊರೂರು ಬದಲಿಸಿದೆ, ನನ್ನ ಕೈಯಲ್ಲಿ ಎಷ್ಟೋ ಹುಡುಗಿಯರು ನಾಡಿ ಹಿಡಿಯಲು ಕಲಿತರು. ಈಗ ಅಪ್ಪನ ಅಂದಿನ ವಯಸ್ಸನ್ನು ದಾಟಿ ಬಹಳ ಮುಂದೆ ಬಂದುಬಿಟ್ಟಿದ್ದೇನೆ. ಅಂದು ಅಪ್ಪನನ್ನು ನೋಡಿದ ಡಾಕ್ಟರ ಮಗ, ಅವನೂ ಡಾಕ್ಟರೇ, ನನಗೆ ಉದ್ವೇಗ ಕೂಡದು, ಶಾಂತವಾಗಿರಿ ಎಂದು ತಾಕೀತು ಮಾಡಿದ್ದಾನೆ. ಬೆಳಿಗ್ಗೆ ನಾನು ಶಾಂತವಾಗಿಯೇ ಇದ್ದೆ. ಇಷ್ಟು ಬರೆದ ಮೇಲೆ, ಸುಮ್ಮನೆ, ಎಡಗೈಯ ಮೇಲೆ ಬಲಗೈಯ ಮೂರು ಬೆರಳಿಟ್ಟು ನೋಡಿಕೊಂಡೆ. ಓಡುತ್ತಿದೆ.

ಓಡಲಿ ಬಿಡಿ.